ಲೌವ್ರೆ

ಕಳೆದ ತಿಂಗಳು ವಾಷಿಂಗ್ಟನ್ನಿನ ಹತ್ತಿರದ ಕ್ಲಾರ್ಕ್ಸ್‌ಬರ್ಗಿನಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದ ಸಿಂಧು ಎಂಬ ಹೊಸ ಹುಡುಗಿ ಕೈಚೀಲದಿಂದ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದಳು. "ಆಂಟಿ, ಶೇಂಗಾ ಚಟ್ನಿ ಪುಡಿ. ನಮ್ಮತ್ತೆ ಧಾರವಾಡದಿಂದ ಕಳ್ಸಿರೋದು. ಹಾಕ್ಲಾ?" ಎಂದಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿಯ ವಾಸನೆ ಮೂಗಿಗೆ ಬಡಿಯಿತು. ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ. "ಅಯ್ಯೋ, ಅಲರ್ಜಿನಾ?" ಎಂದು ಗಾಬರಿಯಾದಳು. "ಹೂಂನಮ್ಮ" ಎಂದೆ. ಅಲರ್ಜಿಯೂ ಇಲ್ಲ, ಮಣ್ಣೂ ಇಲ್ಲ. ಸುಳ್ಳು ನನಗೆ ಸಲೀಸಾಗಿ ಬರುತ್ತದೆ.

ಊಟದ ನಡುವೆ ಅವಳೇ ಬಂದು ಪಕ್ಕದಲ್ಲಿ ಕೂತಳು. ಬೇಸಿಗೆಯಲ್ಲಿ ಗಂಡಹೆಂಡತಿ ಪ್ಯಾರಿಸ್, ರೋಮ್ ಎಲ್ಲ ನೋಡಿ ಬರುವವರಂತೆ. "ನೀವು ಆರ್ಟ್ ಹಿಸ್ಟರಿ ಓದಿದೀರಂತೆ. ಏನೇನ್ ನೋಡ್ಬೇಕು ಅಂತ ಒಂದು ಲಿಸ್ಟ್ ಮಾಡ್ಕೊಡಿ ಆಂಟಿ."

"ಲಿಸ್ಟ್ ಆಮೇಲೆ. ಮೊದ್ಲು ನಿನ್ನ ಪಾಸ್‌ಪೋರ್ಟ್ ತಂದು ತೋರ್ಸು."

"ಏನಾಂಟಿ, ಇಮಿಗ್ರೇಷನ್ ಆಫೀಸರ್ ತರ ಕೇಳ್ತೀರಾ!" ಎಂದು ಅವಳು ನಕ್ಕಳು. ನಾನು ನಗಲಿಲ್ಲ. ಅವಳ ಡಬ್ಬಿ ಮೇಜಿನ ಮೇಲೆ ಇನ್ನೂ ತೆರೆದೇ ಇತ್ತು.

ತೊಂಬತ್ತರ ದಶಕದ ಕೊನೆಯ ಭಾಗದ ಒಂದು ಬೇಸಿಗೆ ಅದು. ನಾವಾಗ ಗೇದರ್ಸ್‌ಬರ್ಗಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಶ್ರೀಧರ ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಹೊರಟರೆ ಸಂಜೆ ಏಳಕ್ಕೆ ಬರುತ್ತಿದ್ದ. ನನ್ನ ವೀಸಾದ ಪ್ರಕಾರ ನಾನು ಅವನ ಡಿಪೆಂಡೆಂಟು. ಕೆಲಸ ಮಾಡುವ ಹಾಗಿಲ್ಲ. ಮೈಸೂರಿನಲ್ಲಿ ಚಿತ್ರಕಲೆಯ ಇತಿಹಾಸದಲ್ಲಿ ಎಂ.ಎ. ಮಾಡಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಹುಡುಗಿಯರಿಂದ 'ಮೇಡಂ' ಎನ್ನಿಸಿಕೊಂಡು ಬಂದವಳು ನಾನು. ಇಲ್ಲಿ ಲಾಂಡ್ರಿ ರೂಮಿನಲ್ಲಿ ಬಟ್ಟೆ ಒಣಗುವುದನ್ನು ಕಾಯುತ್ತಾ ಕೂತಿರುತ್ತಿದ್ದೆ. ಬೇಸರ ತಡೆಯಲಾರದೆ ಹೋದ ದಿನ ಶೇಡಿ ಗ್ರೋವ್‌ನಿಂದ ಮೆಟ್ರೋ ಹಿಡಿದು ವಾಷಿಂಗ್ಟನ್ನಿನ ದೊಡ್ಡ ಮ್ಯೂಸಿಯಂಗೆ ಹೋಗುತ್ತಿದ್ದೆ. ಅಲ್ಲಿ ಒಳಗೆ ಬಿಡಲು ಯಾರೂ ಟಿಕೆಟ್ ಕೇಳುತ್ತಿರಲಿಲ್ಲ, ನಾನು ಯಾರ ಡಿಪೆಂಡೆಂಟು ಅಂತಲೂ ಕೇಳುತ್ತಿರಲಿಲ್ಲ.

ಯುರೋಪಿನ ಯೋಚನೆ ಎತ್ತಿದವರು ನಾಗರಾಜ್ ಅಂಕಲ್. ವಾಷಿಂಗ್ಟನ್ನಿನ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ದೊಡ್ಡ ಕೆಲಸದಲ್ಲಿದ್ದವರು. ನಮ್ಮಂಥ ಚಿಕ್ಕವರನ್ನು ಮನೆಗೆ ಕರೆದು ಬಿಸಿಬೇಳೆಬಾತ್ ಹಾಕಿ, ತಿಂದಷ್ಟು ಹೊತ್ತು ಬುದ್ಧಿ ಹೇಳುತ್ತಿದ್ದರು. ಅವರ ಹೆಂಡತಿ ಸರೋಜಾ ಆಂಟಿಗೆ ಮಂಡಿನೋವು. ಮಂಡಿ ಪೂರ್ತಿ ಕೈಕೊಡುವ ಮುಂಚೆ ರೋಮ್ ನೋಡಬೇಕು ಎಂದು ಆಕೆಯ ಹಟ. ಅವರಿಬ್ಬರು, ನಾವಿಬ್ಬರು, ಜೊತೆಗೆ ಕಸ್ತೂರಿ. ಜೂನ್ ತಿಂಗಳಲ್ಲಿ ಹನ್ನೆರಡು ದಿನ: ಪ್ಯಾರಿಸ್, ಫ್ಲಾರೆನ್ಸ್, ರೋಮ್.

ಕಸ್ತೂರಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬಳೇ ಇದ್ದ ಧಾರವಾಡದ ಹುಡುಗಿ. ಫಿಸಿಯೋಥೆರಪಿಸ್ಟ್. ಸೌತ್ ಕೆರೊಲಿನಾದಲ್ಲಿ ಎರಡು ವರ್ಷ ಓದಿ, ಅಲ್ಲೇ ಸ್ಟೂಡೆಂಟ್ ವೀಸಾದಿಂದ ವರ್ಕ್ ವೀಸಾಕ್ಕೆ ಬದಲಾಯಿಸಿಕೊಂಡು, ಇಲ್ಲಿನ ಒಂದು ಆಸ್ಪತ್ರೆಗೆ ಕೆಲಸಕ್ಕೆ ಬಂದಿದ್ದಳು. ಅಲ್ಲಿನವರ ಹಾಗೆ 'ನೀವೆಲ್ಲ' ಎನ್ನಲು ಮಾತಿಗೊಂದು 'ಯಾಲ್' ಸೇರಿಸುವಳು. ಕನ್ನಡಕ್ಕೆ ತಿರುಗಿದರೆ ಅಚ್ಚ ಧಾರವಾಡ. ನಾನು ಅವಳ ಮಾತನ್ನು ಅಣಕಿಸಿ ಶ್ರೀಧರನನ್ನು ನಗಿಸುತ್ತಿದ್ದೆ. ಅವಳ ಮುಂದೆಯೇ ಅಣಕಿಸಿದ್ದೂ ಉಂಟು. ಅವಳು ಬೇಸರ ಮಾಡಿಕೊಳ್ಳದೆ ತಾನೂ ನಗುವಳು. ನನ್ನನ್ನು 'ಅಕ್ಕಾರ' ಎಂದು ಕರೆಯುತ್ತಿದ್ದಳು.

ಹಾಗೆ ಕರೆಯಲು ಕಾರಣವಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನ ಲಾಂಡ್ರಿ ರೂಮಿನಲ್ಲಿ ಅವಳೇ ಹೇಳಿದಳು. ಅವಳ ಸ್ವಂತ ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು; ಆಗ ಕಸ್ತೂರಿ ಓದಿನ ನಡುವೆ ರಜೆಗೆ ಊರಿಗೆ ಹೋಗಿದ್ದಳು. ಎರಡು ಸಣ್ಣ ಮಕ್ಕಳು. ಮಕ್ಕಳಿಗೆ ತಾಯಿ ಬೇಕು, ಹೊರಗಿನವಳು ಏಕೆ, ತಂಗಿ ಇದ್ದಾಳಲ್ಲ ಎಂದು ಎರಡೂ ಮನೆಯವರು ಕೂಡಿ ತೀರ್ಮಾನ ಮಾಡಿಬಿಟ್ಟಿದ್ದರು.

"ಭಾವ ಕೆಟ್ಟವರಲ್ರಿ ಅಕ್ಕಾರ. ಆದ್ರ ಅವರು ನನಗ ಭಾವ. ಅಕ್ಕನ ಮದವ್ಯಾಗ ಅವರ ಬೂಟು ಮುಚ್ಚಿಟ್ಟಾಕಿ ನಾ" ಎಂದಳು. "ನೌಕರಿ ಐತಿ, ಬಿಟ್ಟ ಬರಾಕ ಆಗೂದಿಲ್ಲ ಅಂತ ಹೇಳ್ಕೋತ ದಿನಾ ನೂಕಾಕತ್ತೀನಿ. ಇಲ್ಲೆ ಇರೂತನಕ ಅಪ್ಪಾಗ ಏನೂ ಮಾಡಾಕ ಬರೂದಿಲ್ಲ. ಒಂದ ಸಲಾ ಊರಿಗೆ ಹೋದ್ನೆಂದ್ರ ಮುಗೀತು ನೋಡ್ರಿ."

ನಾನು ಅವಳ ಬೆನ್ನು ತಟ್ಟಿ, "ನಾನಿದೀನಲ್ಲ ಕಣೇ" ಎಂದೆ. ಅಂದಾಗ ಅದು ನಿಜವೇ ಆಗಿತ್ತು. ಅವಳಿಗೆ ಈ ದೇಶವೆಂದರೆ ಡಾಲರಲ್ಲ, ಕಾರಲ್ಲ. ಊರಿಗೆ ಹೋಗದೆ ಇರಲು ಸಿಕ್ಕಿದ ಒಂದು ನೆಪ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಪ್ರವಾಸಕ್ಕೆ ಮುಂಚೆ ಎಲ್ಲರಿಗೂ ಸ್ವಲ್ಪ ತಿಳಿವಳಿಕೆ ಇರಲಿ ಎಂದು ಶನಿವಾರಗಳಂದು ನಾನು ಅವರನ್ನು ವಾಷಿಂಗ್ಟನ್ನಿನ ಮ್ಯೂಸಿಯಂಗೆ ಕರೆದೊಯ್ಯತೊಡಗಿದೆ. ಎಷ್ಟೋ ತಿಂಗಳ ಮೇಲೆ ಮತ್ತೆ ಮೇಡಂ ಆಗಿದ್ದೆ. ಕೈಯಲ್ಲಿ ದಪ್ಪನೆಯ ಗೈಡ್ ಪುಸ್ತಕ, ಹೆಗಲಿಗೆ ಶಾಲು. ನಾನು ಮಾತಾಡಿದರೆ ನಾಗರಾಜ್ ಅಂಕಲ್ ಕೂಡ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಎರಡನೆಯ ಶನಿವಾರವೋ ಮೂರನೆಯದೋ, ಒಂದು ಚಿತ್ರದ ಮುಂದೆ ನಿಂತು, "ಇದೇ ಕಾಲದ್ದು ಪ್ಯಾರಿಸ್ಸಿನ ಲೌವ್ರೆಯಲ್ಲಿ ಇನ್ನೂ ದೊಡ್ಡದಿದೆ. ಲೌವ್ರೆ ನೋಡೋಕೇ ಒಂದು ವಾರ ಬೇಕು" ಎಂದೆ.

"ಅದು ಲೂವ್ರ ಅಂತಾರ ಅಕ್ಕಾರ" ಎಂದಳು ಕಸ್ತೂರಿ. ದನಿಯಲ್ಲಿ ಕೊಂಕಿರಲಿಲ್ಲ. ರೊಟ್ಟಿ ಹೊತ್ತುತ್ತಿದೆ ನೋಡ್ರಿ ಎಂದು ಅಡಿಗೆಮನೆಯಲ್ಲಿ ಹೇಳುವಷ್ಟೇ ಸಹಜವಾಗಿ ಹೇಳಿದಳು. "ನನ್ನ ಪೇಷಂಟ್ ಒಬ್ಬ ಮುದುಕಿ ಫ್ರಾನ್ಸಿನಾಕಿ. ದಿನಾ ಹೇಳ್ತಾಳ."

ಮೊದಲು ನಕ್ಕವನು ಶ್ರೀಧರ. "ಎಂಟು ವರ್ಷದಿಂದ ಲೌವ್ರೆ ಲೌವ್ರೆ ಅಂತ ತಲೆ ತಿಂದಿದ್ದಾಳೆ! ಹೆಸ್ರೇ ಗೊತ್ತಿಲ್ಲ!" ಸರೋಜಾ ಆಂಟಿ ಬಾಯಿಗೆ ಸೆರಗು ಹಿಡಿದರು. ನಾಗರಾಜ್ ಅಂಕಲ್, "ಸ್ಪೆಲ್ಲಿಂಗ್ ಹಂಗಿದೆಯಲ್ಲಪ್ಪ, ಪಾಪ" ಎಂದರು. ಆ 'ಪಾಪ' ಎಲ್ಲಕ್ಕಿಂತ ಹೆಚ್ಚು ಉರಿಯಿತು. ನನ್ನ ಪ್ರೊಫೆಸರರೂ ಲೌವ್ರೆ ಎಂದೇ ಹೇಳಿದ್ದರು. ನಾನು ನನ್ನ ಹುಡುಗಿಯರಿಗೆ ಲೌವ್ರೆ ಎಂದೇ ಹೇಳಿಕೊಟ್ಟಿದ್ದೆ. ಮೈಸೂರಿನಲ್ಲಿ ಕೂತು ಪುಸ್ತಕದಲ್ಲಿ ಲೋಕ ನೋಡಿದವರೆಲ್ಲರೂ ಹಾಗೇ ಓದಿಕೊಂಡಿದ್ದೆವು, ತಿದ್ದುವವರು ಒಬ್ಬರೂ ಇರಲಿಲ್ಲ.

ಅಂದಿನಿಂದ ನನ್ನ ಹೆಸರು ಲೌವ್ರೆ. "ನಮ್ಮ ಲೌವ್ರೆ ಇವತ್ತು ಸಾರಿಗೆ ಉಪ್ಪು ಹಾಕೋದು ಮರೆತಿದೆ." "ಲೌವ್ರೆಗೆ ಮೂಡ್ ಸರಿಯಿಲ್ಲ." ಶ್ರೀಧರನಿಗೆ ಒಂದು ತಮಾಷೆ ಸಿಕ್ಕರೆ ಅದರ ರಸವೆಲ್ಲ ಹಿಂಡಿ, ಸಿಪ್ಪೆ ಬಿಸಾಡುವವರೆಗೂ ಬಿಡುವವನಲ್ಲ. ಅವನ ಮೇಲೆ ಸಿಟ್ಟು ತೀರಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ನಾನು ಅವನ ಡಿಪೆಂಡೆಂಟು. ಸಿಟ್ಟೆಲ್ಲ ಕಸ್ತೂರಿಯ ಕಡೆಗೆ ಹರಿಯಿತು.

ಯುರೋಪಿನ ವೀಸಾದ ಓಡಾಟ ನನ್ನ ಪಾಲಿಗೆ ಬಂದಿತ್ತು, ಬಿಡುವಿದ್ದವಳು ನಾನೊಬ್ಬಳೇ. ಎಲ್ಲರಿಂದ ಅಧಿಕಾರಪತ್ರ ಬರೆಸಿಕೊಂಡು ಐದೂ ಪಾಸ್‌ಪೋರ್ಟು ಹೊತ್ತು ವಾಷಿಂಗ್ಟನ್ನಿನ ಒಂದು ರಾಯಭಾರ ಕಚೇರಿಯಲ್ಲಿ ಮೂರು ಸಲ ಸಾಲು ನಿಂತೆ. ಮೂರನೆಯ ಸಲ, ಮೇ ತಿಂಗಳ ಮೊದಲ ವಾರ, ವೀಸಾ ಆಗಿರುವ ಪಾಸ್‌ಪೋರ್ಟುಗಳನ್ನು ಕೊಡುವಾಗ ಕಿಟಕಿಯ ಹಿಂದಿನ ಹೆಂಗಸು ಕಸ್ತೂರಿಯದನ್ನು ಮಾತ್ರ ತಡೆದಿಟ್ಟುಕೊಂಡಳು. ವಯಸ್ಸಾದವಳು, ಸರಪಳಿಯ ಕನ್ನಡಕ. ಒಂದು ಪುಟ ತೆರೆದು ತೋರಿಸಿದಳು. ಅಮೆರಿಕದ ಸ್ಟೂಡೆಂಟ್ ವೀಸಾದ ಮುದ್ರೆ, ಅವಧಿ ಎಂದೋ ಮುಗಿದದ್ದು. ಇದು ನಮಗೆ ಸಂಬಂಧವಿಲ್ಲ, ಆದರೂ ಹೇಳುತ್ತಿದ್ದೇನೆ ಎಂದು ನಿಧಾನವಾಗಿ ವಿವರಿಸಿದಳು. ಈ ಹುಡುಗಿಯ ಹತ್ತಿರ ಇರುವ ಅಪ್ರೂವಲ್ ಕಾಗದ ಇಲ್ಲಿ ಕೆಲಸ ಮಾಡಲು ಸಾಕು. ಒಮ್ಮೆ ದೇಶ ಬಿಟ್ಟು ಹೊರಗೆ ಹೋದರೆ ಒಳಗೆ ಬರಲು ಸಾಲದು, ಪಾಸ್‌ಪೋರ್ಟಿನಲ್ಲಿ ಹೊಸ ಮುದ್ರೆ ಬೇಕು. ಈಗಲೇ ಕೆನಡಾಕ್ಕೆ ಹೋಗಿ ಹಾಕಿಸಿಕೊಂಡು ಬಂದರೆ ಆಯಿತು, ಇನ್ನೂ ಆರು ವಾರವಿದೆಯಲ್ಲ. ಒಂದು ಹಳದಿ ಚೀಟಿಯ ಮೇಲೆ ಕಸ್ತೂರಿಯ ಪೂರ್ತಿ ಹೆಸರು ಬರೆದು, ಕೆಳಗೆ ಇದನ್ನೇ ಎರಡು ಸಾಲಿನಲ್ಲಿ ಬರೆದು, ಆ ದಿನದ ತಾರೀಕು ಹಾಕಿ ಪಾಸ್‌ಪೋರ್ಟಿಗೆ ಅಂಟಿಸಿದಳು. "ತಪ್ಪದೆ ಹೇಳು" ಎಂದಳು. "ಹೇಳ್ತೀನಿ" ಎಂದೆ.

ಹೇಳಬೇಕೆಂದೇ ಹೊರಟೆ. ಅದನ್ನು ಯಾರು ನಂಬಲಿ ಬಿಡಲಿ. ಸಂಜೆ ನಾಗರಾಜ್ ಅಂಕಲ್ ಮನೆಯಲ್ಲಿ ಎಲ್ಲರೂ ಸೇರುವುದಿತ್ತು. ಒಳಗೆ ಕಾಲಿಡುತ್ತಿದ್ದ ಹಾಗೆ ಶ್ರೀಧರ ಕೂಗಿದ, "ಬಂತಪ್ಪ ನಮ್ಮ ಲೌವ್ರೆ! ವೀಸಾ ಕೊಟ್ರೋ, ಉಚ್ಚಾರಣೆ ಸರಿಯಿಲ್ಲ ಅಂತ ವಾಪಸ್ ಕಳಿಸಿದ್ರೋ?" ಎಲ್ಲರೂ ಹೋ ಎಂದು ನಕ್ಕರು. ಕಸ್ತೂರಿಯೂ ನಕ್ಕಳು. ಕೈಯಲ್ಲಿ ಮಜ್ಜಿಗೆಯ ಲೋಟ ಹಿಡಿದು, ತಲೆ ಹಿಂದಕ್ಕೆ ಹಾಕಿ, ಮನಸಾರೆ ನಕ್ಕಳು.

ನಾನು ಕೋಟು ನೇತುಹಾಕುವ ನೆಪದಲ್ಲಿ ಪಡಸಾಲೆಯಲ್ಲೇ ನಿಂತೆ. ಅವಳ ಪಾಸ್‌ಪೋರ್ಟಿನಿಂದ ಹಳದಿ ಚೀಟಿಯನ್ನು ಬಿಡಿಸಿದೆ. ಹರಿಯಲಿಲ್ಲ, ಗೈಡ್ ಪುಸ್ತಕದೊಳಗೆ ಸೇರಿಸಿದೆ. ನಾಳೆ ಹೇಳಿದರಾಯಿತು, ಒಂದು ರಾತ್ರಿಯಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡೆ. ಆಮೇಲೆ ಒಳಗೆ ಹೋಗಿ ಎಲ್ಲರ ಪಾಸ್‌ಪೋರ್ಟು ಹಂಚಿದೆ.

ಮರುದಿನ ಹೇಳಲಿಲ್ಲ. ಅದರ ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಒಂದು ವಾರ ಕಳೆದ ಮೇಲೆ, ಅವಳೇ ಯಾರನ್ನಾದರೂ ವಿಚಾರಿಸಿಕೊಳ್ಳಲಿ, ಓದಿದವಳಲ್ಲವೇ, ಲೂವ್ರ ಗೊತ್ತಿರುವವಳಿಗೆ ಇದು ಗೊತ್ತಿರಬೇಡವೇ ಎಂದುಕೊಂಡೆ. ಕೆನಡಾಕ್ಕೆ ಹೋಗಿ ಬರುವಷ್ಟು ಕಾಲ ನನ್ನ ಕಣ್ಣೆದುರಿಗೇ ದಿನದಿನವಾಗಿ ಕರಗಿತು. ಶ್ರೀಧರನಿಗೂ ಅಂಕಲ್‌ಗೂ ಈ ವಿಷಯ ಹೊಳೆಯಲಿಲ್ಲ. ಅವರೆಲ್ಲ ಮದ್ರಾಸಿನ ಅಮೆರಿಕನ್ ಕಚೇರಿಯಲ್ಲೇ ಸರಿಯಾದ ಮುದ್ರೆ ಹಾಕಿಸಿಕೊಂಡು ಬಂದವರು. ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಕಸ್ತೂರಿ ನನ್ನ ಪಕ್ಕ ಕೂತು, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದ ಅಪ್ರೂವಲ್ ಕಾಗದ ತೋರಿಸಿ, "ಕಾಗದಾ ತಗೊಂಡೀನ್ರಿ, ಎಲ್ಲಾ ಬರೋಬ್ಬರಿ ಐತಿ" ಎಂದಳು. ಆಗಲೂ ಹೇಳಬಹುದಿತ್ತು. "ಜೋಪಾನವಾಗಿಟ್ಕೋ" ಎಂದೆ.

ಪ್ಯಾರಿಸ್ಸಿನಲ್ಲಿ ಮೂರು ದಿನವೂ ಜಿಟಿಜಿಟಿ ಮಳೆ. ಗಾಜಿನ ಪಿರಮಿಡ್ಡಿನ ಮುಂದಿನ ಸಾಲಿನಲ್ಲಿ ಕೊಡೆ ಹಿಡಿದು ನಿಂತಾಗ ಶ್ರೀಧರ, "ಹೇಳಮ್ಮ, ಇದ್ಯಾವ ಬಿಲ್ಡಿಂಗು?" ಎಂದು ಕೇಳಿದ. ನಾನು ಕೊಡೆಯನ್ನು ಆಚೆ ತಿರುಗಿಸಿಕೊಂಡೆ. ಎಂಟು ವರ್ಷ ಕನಸು ಕಂಡಿದ್ದ ಮನೆಯೊಳಗೆ ಹೋಗಿ ನಾನು ಏನು ನೋಡಿದೆನೋ ನೆನಪಿಲ್ಲ. ನೆನಪಿರುವುದು ದೊಡ್ಡ ಮೆಟ್ಟಿಲ ಸಾಲು, ಅದರ ತುದಿಯಲ್ಲಿ ರೆಕ್ಕೆ ಬಿಚ್ಚಿ ನಿಂತ, ತಲೆಯೂ ಕೈಯೂ ಇಲ್ಲದ ದೇವತೆ, ಅವಳ ಕೆಳಗೆ ಬಾಯಿ ತೆರೆದು ನಿಂತ ಕಸ್ತೂರಿ. "ತಲಿ ಇಲ್ಲ, ಆದ್ರೂ ಎದಿ ಗಾಳಿಗೆ ಕೊಟ್ಟ ಹೆಂಗ ಮುಂದ ಬರಾಕತ್ತಾಳ ನೋಡ್ರಿ!" ಎಂದಳು. ನಾನು ಅವಳನ್ನು ನೋಡುತ್ತಿದ್ದೆ. ನಗು, ಎಷ್ಟು ನಗುತ್ತೀಯೋ ನಗು ಎಂದುಕೊಂಡೆ. ನನ್ನೊಳಗೆ ಒಂದು ತರಹದ ಸುಖವಿತ್ತು. ಇವಳಿಗೆ ಗೊತ್ತಿಲ್ಲದ್ದೊಂದು ಕೊನೆಗೂ ನನಗೆ ಗೊತ್ತಿದೆ ಎಂಬ ಸುಖ. ಇದ್ದದ್ದು ಇತ್ತು.

ಫ್ಲಾರೆನ್ಸಿನಲ್ಲಿ ಬಿಸಿಲು. ರೈಲಿನಲ್ಲಿ ನಾವು ತಿಂದದ್ದು ಕಸ್ತೂರಿ ತಂದಿದ್ದ ಚಪಾತಿ ಮತ್ತು ಶೇಂಗಾ ಚಟ್ನಿ ಪುಡಿ. ಭಾರ ಎಂದು ನನ್ನ ಗೈಡ್ ಪುಸ್ತಕವನ್ನೂ ಅವಳ ಚೀಲದಲ್ಲೇ ಹಾಕುತ್ತಿದ್ದೆ, ಬೇಕೆಂದಾಗ ಈಸಿಕೊಳ್ಳುತ್ತಿದ್ದೆ. ಒಳಗಿನ ಚೀಟಿ ಅಷ್ಟು ಹೊತ್ತಿಗೆ ನನ್ನ ಮನಸ್ಸಿನಿಂದಲೇ ಜಾರಿತ್ತು. ಅಲ್ಲಿನ ಮ್ಯೂಸಿಯಂನಲ್ಲಿ ಹದಿನೇಳು ಅಡಿ ಎತ್ತರದ ಅಮೃತಶಿಲೆಯ ಹುಡುಗ, ಹೆಗಲ ಮೇಲೆ ದೈತ್ಯನನ್ನು ಹೊಡೆಯುವ ಕವಣೆ. ನಾನು ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಶುರು ಮಾಡಿದೆ: ಪುನರುಜ್ಜೀವನದ ಕಾಲ, ಮಾನವ ಘನತೆ, ಆದರ್ಶ ಸೌಂದರ್ಯ. ನಾಗರಾಜ್ ಅಂಕಲ್ ಆಕಳಿಸಿದರು.

ಕಸ್ತೂರಿ ಪ್ರತಿಮೆಯ ಸುತ್ತ ಒಂದು ಪೂರ್ತಿ ಸುತ್ತು ಬಂದು ನಿಂತಳು. "ಭಾರ ಎಲ್ಲಾ ಬಲಗಾಲ ಮ್ಯಾಲೆ ಹಾಕ್ಯಾನ. ಎಡಗಾಲು ಸಡಲ ಐತಿ. ಆದ್ರ ಕುತಗಿ ನೋಡ್ರಿ, ಬಿಗದೈತಿ. ಕೈಯಾಗಿನ ನರಾ ಉಬ್ಬ್ಯಾವ. ಇಂವಾ ಹೊಡದ ಗೆದ್ದ ನಿಂತಂವಲ್ಲ. ಇನ್ನಾ ಹೊಡಿಬೇಕು, ಅಂಜಿಕಿ ಐತಿ, ತೋರಸವಲ್ಲ."

ನಾವೆಲ್ಲ ಮೇಲೆ ನೋಡಿದೆವು. ಹೌದು, ಆ ಹುಡುಗನಿಗೆ ಭಯವಾಗಿತ್ತು. ನಾನು ಈ ಪ್ರತಿಮೆಯ ಮೇಲೆ ಇಪ್ಪತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದವಳು, ಬರೆಸಿದವಳು. ಅವನ ಕುತ್ತಿಗೆಯನ್ನು ನಾನು ನೋಡಿಯೇ ಇರಲಿಲ್ಲ. "ಎಕ್ಸಲೆಂಟ್!" ಎಂದು ಅಂಕಲ್ ಚಪ್ಪಾಳೆ ತಟ್ಟಿದರು. ಮುಂದಿನ ಕೋಣೆಗೆ ಹೋದಾಗ ಶ್ರೀಧರ, "ಕಸ್ತೂರಿ, ಇದನ್ನ ನೀನೇ ಎಕ್ಸ್‌ಪ್ಲೇನ್ ಮಾಡು" ಎಂದ. ನಾನು ಹಿಂದೆ ನಡೆದೆ.

ರೋಮಿನಲ್ಲಿ ದೊಡ್ಡ ಚರ್ಚಿನ ಬಾಗಿಲು ದಾಟಿದೊಡನೆ ಬಲಗಡೆ, ಗಾಜಿನ ಹಿಂದೆ, ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ಅಮೃತಶಿಲೆಯ ತಾಯಿ. ಜನ ತಳ್ಳಾಡುತ್ತಿದ್ದರು. ಸರೋಜಾ ಆಂಟಿ ಕಸ್ತೂರಿಯ ತೋಳಿನ ಮೇಲೆ ಭಾರ ಬಿಟ್ಟು ನಿಂತಿದ್ದರು. ಪ್ರವಾಸದ ಉದ್ದಕ್ಕೂ ಆಕೆಯ ಮಂಡಿಯನ್ನು ನಡೆಸಿದವಳು ಅವಳೇ. ಕಸ್ತೂರಿ ಕತ್ತು ಚಾಚಿ ಗಾಜಿನ ಒಳಗೆ ನೋಡಿದಳು. ಆಮೇಲೆ ಮೆಲ್ಲಗೆ, "ಅಕ್ಕಾರ, ಆ ತಾಯಿ ಬಲಗೈ ನೋಡ್ರಿ. ಬಗಲಾಗ ಕೈ ಕೊಟ್ಟ ಎತ್ತ್ಯಾಳ. ಮಗನ ಮೈ ಮಾಂಸ ಹೆಂಗ ಮ್ಯಾಲ ಒತ್ತಿ ಬಂದೈತಿ ಅಲ್ಲೆ. ಜೀವ ಇಲ್ಲದ ಮೈ ಎತ್ತಿದ್ರ ಹಂಗಽ ಬರ್ತೈತಿ. ಇದನ್ನ ಮಾಡಿದಂವಾ ಸತ್ತವರನ್ನ ಎತ್ತ್ಯಾನ" ಎಂದಳು. ಆಂಟಿಯ ಕೈ ಹಿಡಿದುಕೊಂಡು, "ಅಕ್ಕನ್ನ ದವಾಖಾನಿಯಿಂದ ತರೂಮುಂದ ನಾನಽ ಬಗಲಾಗ ಕೈ ಕೊಟ್ಟಿದ್ದೆ" ಎಂದಳು.

ಅವಳ ಕಣ್ಣಲ್ಲಿ ನೀರಿತ್ತು. ವೀಸಾ ಮುದ್ರೆಯ ವಿಷಯ ಈಗ ಹೇಳಿದರೆ ಇನ್ನೇನೂ ಆಗುವಂತಿರಲಿಲ್ಲ, ಆದರೂ ಹೇಳಿಬಿಡಬೇಕು ಎನ್ನಿಸಿತು. ಅಷ್ಟರಲ್ಲಿ ಶ್ರೀಧರ ನನ್ನ ಕಿವಿಯ ಹತ್ತಿರ ಬಾಗಿ, "ನೋಡಿದ್ಯಾ, ಇದು ನೋಡೋ ಕಣ್ಣು ಅಂದ್ರೆ. ನೀನು ಬರೀ ಪುಸ್ತಕ" ಎಂದ. ನಾನು ಹೇಳದೆ ಬಾಗಿಲ ಕಡೆ ನಡೆದೆ.

ಹನ್ನೆರಡನೆಯ ದಿನದ ಬೆಳಿಗ್ಗೆ, ರೋಮಿನ ವಿಮಾನ ನಿಲ್ದಾಣ. ನಮ್ಮ ನಾಲ್ವರ ಸಾಮಾನು ಒಳಗೆ ಹೋಯಿತು. ಕೊನೆಯವಳು ಕಸ್ತೂರಿ. ಕೌಂಟರಿನ ಹುಡುಗಿ ಪಾಸ್‌ಪೋರ್ಟಿನ ಹಾಳೆಗಳನ್ನು ಮುಂದಕ್ಕೆ ತಿರುವಿದಳು, ಹಿಂದಕ್ಕೆ ತಿರುವಿದಳು, ಒಬ್ಬ ಮೇಲಿನವನನ್ನು ಕರೆದಳು. ಕಸ್ತೂರಿ ಪ್ಲಾಸ್ಟಿಕ್ ಕವರಿನ ಕಾಗದ ತೆಗೆದುಕೊಟ್ಟಳು. ಅವನು ಓದಿ, ತಲೆ ಅಲ್ಲಾಡಿಸಿ, ಮಡಿಸಿ ವಾಪಸು ಕೊಟ್ಟ. ಈ ವೀಸಾ ಸತ್ತಿದೆ, ಇವಳನ್ನು ಹತ್ತಿಸಲಾಗದು ಎಂದ. ಕಸ್ತೂರಿ ಮೂರು ಸಲ ಅದೇ ಕಾಗದವನ್ನು ಅವನ ಮುಂದೆ ಬಿಚ್ಚಿದಳು.

ನಾಗರಾಜ್ ಅಂಕಲ್ ವಾಚು ನೋಡಿಕೊಂಡರು. "ಸೋಮವಾರ ನಂಗೆ ಬೋರ್ಡ್ ಮೀಟಿಂಗು. ಎಜುಕೇಟೆಡ್ ಹುಡುಗಿ, ಮ್ಯಾನೇಜ್ ಮಾಡ್ತಾಳೆ ಬಿಡಿ. ಇಲ್ಲಿ ಅಮೆರಿಕನ್ ಆಫೀಸ್ ಇದೆಯಲ್ಲ." ಅವಳ ತೋಳು ಹಿಡಿದು ರೋಮೆಲ್ಲ ನಡೆದ ಸರೋಜಾ ಆಂಟಿ, "ಮೊದ್ಲೇ ಚೆಕ್ ಮಾಡ್ಕೋಬಾರ್ದಿತ್ತೇನಮ್ಮ?" ಎಂದರು. ಶ್ರೀಧರ ನೆಲ ನೋಡುತ್ತಿದ್ದ.

ಕಸ್ತೂರಿ ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವೊಬ್ರು ಇರ್ರಿ ಅಕ್ಕಾರ. ಎರಡಽ ದಿನಾ. ನನಗ ಇಲ್ಲೆ ಭಾಷಾ ಬರೂದಿಲ್ಲ. ನಿಮಗೇನ ಆಫೀಸ್ ಇಲ್ಲಲ್ಲರಿ."

ನಿಜ, ನನಗೆ ಆಫೀಸಿರಲಿಲ್ಲ. "ಶ್ರೀಧರಂಗೆ ಊಟಕ್ಕೆ ಕಷ್ಟ ಆಗತ್ತೆ ಕಣೇ" ಎಂದೆ. ಅವನೇ ತಲೆ ಎತ್ತಿ ನನ್ನನ್ನು ನೋಡಿದ. ಗೈಡ್ ಪುಸ್ತಕ ಎಂದಿನಂತೆ ಅವಳ ಚೀಲದಲ್ಲಿತ್ತು. "ಪುಸ್ತಕ ನಿನ್ನತ್ರಾನೇ ಇರ್ಲಿ. ದಾರಿ, ಬಸ್ಸು ಎಲ್ಲ ಇದೆ ಅದ್ರಲ್ಲಿ" ಎಂದು ಉದಾರವಾಗಿ ಹೇಳಿ ಬಂದೆ. ತಿರುವಿನಲ್ಲಿ ಹೊರಳಿ ನೋಡಿದಾಗ ಅವಳು ಇನ್ನೂ ಕೌಂಟರಿನ ಹತ್ತಿರವೇ ಪೆಟ್ಟಿಗೆ ಹಿಡಿದು ನಿಂತಿದ್ದಳು.

ಚೀಟಿಯ ನೆನಪಾದದ್ದು ಸಮುದ್ರದ ಮೇಲೆ ಅರ್ಧ ದಾರಿ ಬಂದ ಮೇಲೆ. ಊಟದ ತಟ್ಟೆ ಮುಂದಿತ್ತು. ಅದನ್ನು ಮುಚ್ಚಿ ಆಚೆ ಸರಿಸಿದೆ. ಶ್ರೀಧರ ಏನಾಯ್ತು ಎಂದ. ತಲೆಸುತ್ತು ಎಂದೆ.

ಎರಡು ದಿನದ ಮೇಲೆ ಮಧ್ಯಾಹ್ನ ರೋಮಿನಿಂದ ಫೋನ್ ಬಂತು. ಇದು ನಿನ್ನ ದೇಶವಲ್ಲ, ಭಾರತಕ್ಕೆ ಹೋಗಿ ಮುದ್ರೆ ಹಾಕಿಸಿಕೋ ಎಂದು ಅಲ್ಲಿನ ಅಮೆರಿಕನ್ ಆಫೀಸಿನವರು ಹೇಳಿದ್ದರು. ಅವಳ ದನಿ ಶಾಂತವಾಗಿತ್ತು. "ಅಕ್ಕಾರ, ಒಂದ ಮಾತು. ನೀವು ವೀಸಾ ತರಾಕ ಹೋದಾಗ ಅಲ್ಲೆ ಯಾರರ ನನ್ನ ಬಗ್ಗೆ ಏನರ ಹೇಳಿದ್ರೇನ್ರಿ?"

"ಇಲ್ವಲ್ಲ ಕಣೇ. ನಂಗೇನೂ ಹೇಳ್ಲಿಲ್ಲ."

"ಏನೂ ಬರದ ಕೊಡಲಿಲ್ಲರಿ?"

"ಇಲ್ಲಮ್ಮ. ಕೊಟ್ಟಿದ್ರೆ ನಿನಗೆ ಕೊಡ್ತಿರ್ಲಿಲ್ವಾ?"

"ಹೌದಲ್ರಿ" ಎಂದಳು. ಬ್ಯಾಡಗಿಯವನೊಬ್ಬ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ, ಅನ್ನ ಮಾಡಿ ಹಾಕಿದ ಎಂದು ಏನೋ ಹೇಳಿ ಫೋನಿಟ್ಟಳು. ಅವಳು ಪುಸ್ತಕ ತೆರೆದೇ ಇಲ್ಲ, ಬದುಕಿಕೊಂಡೆ ಎಂದುಕೊಂಡು ನಾನು ಅನ್ನಕ್ಕಿಡಲು ಒಳಗೆ ಹೋದೆ.

ಆಮೇಲಿನದೆಲ್ಲ ಅವರಿವರಿಂದ ಕೇಳಿದ್ದು. ಮದ್ರಾಸಿನಲ್ಲಿ ಮೊದಲ ಸಲ ಯಾವುದೋ ಕಾಗದ ಕಡಿಮೆ ಎಂದರು. ಎರಡನೆಯ ಸಲಕ್ಕೆ ತಾರೀಕು ಸಿಗುವಷ್ಟರಲ್ಲಿ ಆಸ್ಪತ್ರೆಯವರು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು. ಕೆಲಸ ಹೋದ ಮೇಲೆ ವೀಸಾದ ಮಾತೂ ಮುಗಿಯಿತು. ಅವಳ ಅಪಾರ್ಟ್‌ಮೆಂಟ್ ಖಾಲಿ ಮಾಡಿದವಳು ನಾನೇ. ಆಗಸ್ಟಿನ ಸೆಕೆಯಲ್ಲಿ ಅವಳ ಪಾತ್ರೆ, ದಿಂಬು, ಕೆಲಸದ ಬಿಳಿ ಬೂಟುಗಳನ್ನು ಪೆಟ್ಟಿಗೆಗೆ ತುಂಬಿ ದಾನದ ಅಂಗಡಿಗೆ ಕೊಟ್ಟು ಬಂದೆ. ಎಂಥ ಒಳ್ಳೆಯವಳಮ್ಮ ನೀನು ಎಂದು ಸರೋಜಾ ಆಂಟಿ ಹೊಗಳಿದರು. ಶ್ರೀಧರ ಲೌವ್ರೆ ಎನ್ನುವುದನ್ನು ನಿಲ್ಲಿಸಿದ್ದ.

ನವೆಂಬರಿನಲ್ಲಿ ಧಾರವಾಡದಿಂದ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ನನ್ನ ಗೈಡ್ ಪುಸ್ತಕ. ಕಾಗದ, ಪತ್ರ ಒಂದೂ ಇಲ್ಲ. ಪುಸ್ತಕದ ತುಂಬ ಶೇಂಗಾ ಚಟ್ನಿಯ ವಾಸನೆ. ಅಡಿಗೆಮ‌ನೆಯ ಮೇಜಿನ ಮೇಲೆ ಅದನ್ನು ಬೆನ್ನು ಹಿಡಿದು ಕೊಡವಿದೆ. ಪ್ಯಾರಿಸ್ಸಿನ ಬಸ್ ಟಿಕೆಟ್ ಬಿತ್ತು, ಫ್ಲಾರೆನ್ಸಿನ ಮ್ಯೂಸಿಯಂ ಟಿಕೆಟ್ ಬಿತ್ತು. ಒಂದೊಂದೇ ಹಾಳೆ ತಿರುವಿದೆ. ಹಳದಿ ಚೀಟಿ ಇರಲಿಲ್ಲ. ಎಲ್ಲೋ ಬಿದ್ದುಹೋಗಿರಬಹುದು ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ ತಡೆಯಲಾರದೆ ಫೋನ್ ಕಾರ್ಡು ತಂದು ಅವಳ ತಂದೆಯ ಮನೆಗೆ ಫೋನ್ ಮಾಡಿದೆ. ಅವರು ಇನ್ನೊಂದು ನಂಬರು ಕೊಟ್ಟರು. ಭಾವನ ಮನೆಯದು.

ಅವಳೇ ಎತ್ತಿದಳು. ಹಿಂದೆ ಮಗುವಿನ ಅಳು ಕೇಳುತ್ತಿತ್ತು.

"ಪುಸ್ತಕ ಬಂತು ಕಣೇ. ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ. ಹೇಗಿದೀಯಾ?"

"ಆರಾಮ ಅದೀನ್ರಿ. ಮದವಿ ಆತು, ಹೋದ ತಿಂಗಳ. ಸಣ್ಣಾಕಿ ಈಗ ನನಗ ಅವ್ವಾ ಅಂತಾಳ." ಮಗುವಿಗೆ ಏನೋ ಹೇಳಿ ಸಮಾಧಾನ ಮಾಡಿದಳು. ಆಮೇಲೆ, "ವಿಮಲಾ ಅವರ" ಎಂದಳು. ಪರಿಚಯವಾದಂದಿನಿಂದ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. "ಪುಸ್ತಕದಾಗಿಂದ ಒಂದ ಚೀಟಿ ತಗೊಂಡೀನ್ರಿ. ಅದರ ಮ್ಯಾಲೆ ನನ್ನ ಹೆಸರಿತ್ತು. ನನ್ನದಽ ಅಂತ ಇಟಗೊಂಡೆ."

ಲೈನಿನಲ್ಲಿ ಗೊರಗೊರ ಸದ್ದು.

"ರೋಮಿನಿಂದ ನಾ ಫೋನ್ ಮಾಡಿದ್ನಲ್ಲರಿ, ಯಾರರ ಏನರ ಬರದ ಕೊಟ್ಟಿದ್ರೇನು ಅಂತ ಕೇಳಿದ್ನಲ್ಲ" ಎಂದಳು ಕಸ್ತೂರಿ. "ಆವಾಗ ಅದು ನನ್ನ ಕೈಯಾಗಽ ಇತ್ತರಿ."